ಮರಗಸಿಯೂ ಇಂಗ್ಲಿಷ್ ಕಾಗುಣಿತವೂ

ಮೂಡಿಗೆರೆ, ಕಳಸಗಳ ಕಾಫಿ ತೋಟಗಳಲ್ಲಿ ನೆರಳಿನ ಮರಗಳ ಕೊಂಬೆಗಳನ್ನು ಸವರಿ ಗಿಡಗಳಿಗೆ ಬೆಳಕು ಬಿಡುವ ಕೆಲಸವನ್ನು ಮರಗಸಿ ಎನ್ನುವುದುಂಟು. ಕೊಂಬೆ ರೆಂಬೆ ತೆಗೆಯುವುದು ಕಸಿ. ಅದೇ ಮಾತು 'ಮರ'ದ ಬೆನ್ನಿಗೆ ಬಂದೊಡನೆ ಗಸಿಯಾಗುತ್ತದೆ. ಮಳೆಯ ಕಾಲ ಮಳೆಗಾಲವಾದುದೂ ಹೀಗೆಯೇ. ಮೂಡಿಗೆರೆಯ 'ಗೆರೆ'ಯಲ್ಲಿ ಕೆರೆಯನ್ನು ಕಾಣುವುದೂ ಕಷ್ಟವಲ್ಲ. ಕ, ತ, ಪಗಳು ಗ, ದ, ಬಗಳಾಗುವ ಈ ಕ್ರಮವನ್ನು 13ನೆಯ ಶತಮಾನದ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ನಿರೂಪಿಸಿದ್ದಾನೆ. ಶಾಲೆಯಲ್ಲಿ ನಾವು ಇದನ್ನು ಆದೇಶಸಂಧಿಯೆಂದು ಓದಿದ್ದೇವೆ. ಇಂಗ್ಲಿಷಿನ ನಾಮಪದ ಕ್ರಿಯಾಪದಗಳ ಕಾಗುಣಿತದಲ್ಲಿ ವಿದ್ಯಾರ್ಥಿಗಳು ಪಡುವ ಪೇಚಾಟಕ್ಕೂ ಈ ಸಂಧಿಗೂ ಸಂಬಂಧವುಂಟೆಂದರೆ ವಾಚಕರಿಗೆ ಆಶ್ಚರ್ಯವಾದೀತು.

'ಅಡ್ವೈಸ್' ಎಂಬ ಮಾತನ್ನು ತೆಗೆದುಕೊಳ್ಳೋಣ. ಸಲಹೆ ಎಂಬ ನಾಮಪದವಾದರೆ ಅದರ ಕೊನೆಯಲ್ಲಿ ಸಿ-ಇ. ಸಲಹೆ ಕೊಡು ಎಂಬ ಕ್ರಿಯಾಪದವಾದರೆ ಎಸ್-ಇ. ಉಪಕರಣವೆಂಬ ಅರ್ಥದ 'ಡಿವೈಸ್' ಸಿ ಅಕ್ಷರವನ್ನೂ, ಹೊಸದಾಗಿ ಯೋಜಿಸು ಎಂಬ ಅರ್ಥದ ಅದರ ಜೊತೆಗಾರ ಎಸ್ ಅಕ್ಷರವನ್ನೂ ಬೇಡುತ್ತವೆ. ಇದನ್ನು ಗಿಳಿಪಾಠ ಮಾಡಿದವರು ಪರೀಕ್ಷೆಯ ಕೊಠಡಿಯಲ್ಲಿ ಅದಲುಬದಲು ಮಾಡುವುದು ಸಹಜ. ಏಕೆಂದರೆ ನಾವು ಎರಡನ್ನೂ ಒಂದೇ ತೆರನಾಗಿ ಉಚ್ಚರಿಸುತ್ತೇವೆ. ಇಂಗ್ಲಿಷರ ಬಾಯಲ್ಲಿ ಹಾಗಿಲ್ಲ. ನಾಮಪದದ ಕೊನೆಯ ಧ್ವನಿ ನಮ್ಮ ಸಕಾರ. ಕ್ರಿಯಾಪದದ್ದು ಜೇನುನೊಣದ ಗುಂಯ್‌ಗುಟ್ಟುವಿಕೆಯನ್ನು ಹೋಲುವ 'ಜ಼್'. ಇದಕ್ಕೆ ಕನ್ನಡ ವರ್ಣಮಾಲೆಯಲ್ಲಿ ಸ್ವಂತ ಅಕ್ಷರವಿಲ್ಲ. ಜಕಾರದ ಅಡಿಯಲ್ಲಿ ಚುಕ್ಕೆಯಿಟ್ಟು ಸೂಚಿಸುವುದುಂಟು.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿರಿ. ಗಂಟಲಿನ ಮುಂಭಾಗದ ಉಬ್ಬಿನ ಮೇಲೆ ಎರಡು ಬೆರಳಿಟ್ಟು 'ಸ್ಸ್ಸ್' ಎಂದು ದೀರ್ಘವಾಗಿ ಎಳೆಯಿರಿ. ಬೆರಳಿಗೆ ಏನೂ ತಿಳಿಯದು. ನಾಲಗೆಯನ್ನು ಕದಲಿಸದೆ, ಅದೇ ಉಸಿರಿನಲ್ಲಿ ಜೇನುನೊಣದ ಸದ್ದು ಹೊರಡಿಸಿರಿ. ಗಂಟಲು ಅದಿರುವುದು ಕೂಡಲೆ ಗೊತ್ತಾಗುತ್ತದೆ. ಶ್ವಾಸಕೋಶದಿಂದ ಹೊರಟ ಗಾಳಿಯು ಧ್ವನಿತಂತುಗಳನ್ನು ಅದಿರಿಸಿದರೆ ಘೋಷ, ಸುಮ್ಮನೆ ಹಾದುಬಂದರೆ ಅಘೋಷ. ಕಕಾರ ಗಕಾರಗಳ ಭೇದವೂ ಇಷ್ಟೇ. ಸ್ವರಗಳಾದರೋ ಸಾಮಾನ್ಯವಾಗಿ ಘೋಷಗಳು. ಎರಡು ಸ್ವರಗಳ ನಡುವೆ ಅಘೋಷ ವ್ಯಂಜನವೊಂದು ಬಂದರೆ ತಂತುಗಳ ಕಂಪನವನ್ನು ಒಮ್ಮೆ ನಿಲ್ಲಿಸಿ ಮತ್ತೆ ಆರಂಭಿಸಬೇಕು. ನಿಲ್ಲಿಸದೆ ಸಾಗುವುದು ಬಾಯಿಗೆ ಸುಲಭ. ಕಸಿ ಗಸಿಯಾದುದು ಈ ಸೌಲಭ್ಯಕ್ಕಾಗಿಯೇ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿಯೂ ಇದೇ ನಡೆಯಿತು. ಅಲ್ಲಿ ಸ್ವರಗಳ ನಡುವೆ ಘೋಷವಾದುವು ಎಫ್, ಎಸ್ ಮತ್ತು ಟಿ-ಎಚ್ ಧ್ವನಿಗಳು. ಸ್ನಾನವೆಂಬ 'ಬಾತ್' ಪದವು ವ್ಯಂಜನದಲ್ಲಿ ಮುಗಿಯುತ್ತಿದ್ದಿತು. ಸ್ನಾನ ಮಾಡು ಎಂಬ ಕ್ರಿಯಾಪದಕ್ಕೆ 'ಇಯನ್' ಎಂಬ ಪ್ರತ್ಯಯ ಹತ್ತುತ್ತಿದ್ದಿತು. ಹೀಗೆ ಎರಡು ಸ್ವರಗಳ ನಡುವೆ ಸಿಕ್ಕ ಟಿ-ಎಚ್ ಘೋಷವಾಯಿತು. ಕಾಲಕ್ರಮದಲ್ಲಿ ಪ್ರತ್ಯಯ ಉದುರಿಹೋದರೂ ಘೋಷ ಉಳಿಯಿತು. 'ಬೇದ್' ಎಂಬ ಕ್ರಿಯಾಪದದ ಕೊನೆಯಲ್ಲಿ ನಾವು ಬರೆಯುವ, ಆದರೆ ಉಚ್ಚರಿಸದ ಇ ಅಕ್ಷರವು ಸವರಿದ ಕೊಂಬೆಯ ಗಂಟು ಮರದಲ್ಲಿ ಉಳಿದಂತೆ ಉಳಿದಿದೆ. ಉಸಿರು ಎಂಬ 'ಬ್ರೆತ್' ಪದಕ್ಕೆ ಇ ಇಲ್ಲ, ಉಸಿರಾಡು ಎಂಬ 'ಬ್ರೀದ್' ಪದಕ್ಕೆ ಇದೆ. ಬಟ್ಟೆಯೆಂಬ 'ಕ್ಲಾತ್', ಉಡಿಸು ಎಂಬ 'ಕ್ಲೋದ್' ಹಾಗೆಯೇ. 'ಹಾಫ್' ಅರ್ಧ; ಅರ್ಧಮಾಡು ಎನ್ನಲು ಎಫ್ ಹೋಗಿ ವಿ-ಇ ಬರುತ್ತದೆ. 'ಹೌಸ್' ಮಾತ್ರ ಮೋಸಗಾರ ಪದ: ಮನೆಯಾದರೂ, ಮನೆ ಒದಗಿಸು ಎಂದಾದರೂ ಬರಹ ಒಂದೇ, ಉಚ್ಚಾರ ಎರಡು.

'ಅಡ್ವೈಸ್' ಫ್ರೆಂಚ್ ಮೂಲದ್ದು. ಅದಕ್ಕೆ ಈ ಪೂರ್ವಚರಿತ್ರೆ ಇಲ್ಲ. ಆದರೂ ನಾಮಪದ ಅಘೋಷ, ಕ್ರಿಯಾಪದ ಘೋಷ ಎಂಬ ಸಾಲಿಗೆ ಅದೂ ಸೇರಿಕೊಂಡಿತು. ಇಕಾರದ ಹಿಂದಿನ ಎಸ್ ಅಕ್ಷರವನ್ನು ಎರಡು ರೀತಿಯಲ್ಲಿ ಓದಬಹುದು. ಸಿ ಅಕ್ಷರವಿದ್ದರೆ ಸಕಾರವೇ. ಆದುದರಿಂದ ಗಂಟಲು ಅದಿರದಿದ್ದರೆ ಸಿ, ಅದಿರಿದರೆ ಎಸ್. ಮೊದಲು ಬಾಯಿ ಕಲಿಯಲಿ, ಕೈ ತಾನಾಗಿ ಕಲಿಯುತ್ತದೆ.

ಈ ಪರೀಕ್ಷೆ ಸೋಲುವ ಜೋಡಿಗಳೂ ಇವೆ. 'ಪ್ರ್ಯಾಕ್ಟಿಸ್', 'ಲೈಸೆನ್ಸ್' ಇವು ನಾಮಪದವಾಗಲಿ ಕ್ರಿಯಾಪದವಾಗಲಿ ಉಚ್ಚಾರದಲ್ಲಿ ಒಂದೇ. ಬ್ರಿಟಿಷ್ ಪದ್ಧತಿಯು ಕಣ್ಣಿಗಾಗಿ ಮಾತ್ರ ಸಿ-ಎಸ್ ಭೇದವನ್ನು ಇಟ್ಟಿದೆ. ಇಲ್ಲಿ 'ಅಡ್ವೈಸ್' ಜೋಡಿಯನ್ನೇ ನೆನಪಿನ ಊರುಗೋಲಾಗಿ ಹಿಡಿಯಬೇಕು. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜವನ್ನು ಹದಗೊಳಿಸುವ ಕ್ಯೂರಿಂಗ್ ಕಾರ್ಖಾನೆಗಳು ಹೆಸರಾದವು. 1942ರ ಕಾಫಿ ಶಾಸನವು ಇಂಥ ಕಾರ್ಖಾನೆಗಳಿಗೆ ಪರವಾನಗಿಯನ್ನು ವಿಧಿಸಿತು. ಪರವಾನಗಿ ಪತ್ರ 'ಲೈಸೆನ್ಸ್' ಆದುದರಿಂದ ಅದರ ಕೊನೆಗೆ ಸಿ-ಇ. 'ಲೈಸೆನ್ಸ್ಡ್ ಕ್ಯೂರರ್' ಎಂದು ಬರೆಯುವಾಗ ಮಾತ್ರ ಎಸ್ ಬರಬೇಕು. ಅದು ಪತ್ರದ ಹೆಸರಲ್ಲ, ಪರವಾನಗಿ ಕೊಡಲ್ಪಟ್ಟವನು ಎಂಬ ಕ್ರಿಯಾರೂಪ. ಅಮೆರಿಕನ್ನರು 'ಲೈಸೆನ್ಸ್' ಎಂಬುದನ್ನು ಎರಡೂ ಕಡೆ ಎಸ್ ಹಾಕಿಯೂ, 'ಪ್ರ್ಯಾಕ್ಟಿಸ್' ಎಂಬುದನ್ನು ಎರಡೂ ಕಡೆ ಸಿ ಹಾಕಿಯೂ ಬರೆಯುತ್ತಾರೆ. ಒಂದನ್ನು ಹೀಗೆ, ಇನ್ನೊಂದನ್ನು ಹಾಗೆ ಮಾಡಿದುದೇಕೋ! ನಿಮ್ಮ ಕಂಪ್ಯೂಟರು ಅಮೆರಿಕದ ಪದ್ಧತಿಗೆ ಅಳವಟ್ಟಿದ್ದರೆ ಸರಿಯಾದುದನ್ನೇ ತಪ್ಪೆಂದು ಕೆಂಪು ಗೆರೆ ಎಳೆದೀತು.

'ಅಫೆಕ್ಟ್', 'ಎಫೆಕ್ಟ್' ಎಂಬುವುಗಳ ಕುಲವೇ ಬೇರೆ. ಇವುಗಳನ್ನು ಲ್ಯಾಟಿನ್ ಉಪಸರ್ಗಗಳು ಬೇರ್ಪಡಿಸಿವೆ. ಎ ಅಕ್ಷರದಿಂದ ಆರಂಭವಾಗುವುದು ಸಾಮಾನ್ಯವಾಗಿ ಕ್ರಿಯಾಪದ: ಎಲೆಯ ತುಕ್ಕುರೋಗವು ಗಿಡವನ್ನು 'ಅಫೆಕ್ಟ್' ಮಾಡುತ್ತದೆ. ಇ ಅಕ್ಷರದ್ದು ಸಾಮಾನ್ಯವಾಗಿ ನಾಮಪದ: ಎಲೆ ಉದುರುವುದು ಅದರ 'ಎಫೆಕ್ಟ್'. ಆದರೆ ಇ ಅಕ್ಷರದ್ದೂ ಕ್ರಿಯಾಪದವಾಗಬಲ್ಲುದು. ಆಗ ಅದರ ಅರ್ಥ 'ಉಂಟುಮಾಡು'. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರಕ್ಕೆ ತೋಟದವರೊಬ್ಬರು ಪತ್ರ ಬರೆದರೆಂದು ಭಾವಿಸಿರಿ. ಬೋರ್ಡೋ ದ್ರಾವಣವು ತುಕ್ಕುರೋಗದ ಮೇಲೆ ಪರಿಣಾಮ ಬೀರಿತೆಂದು ತಿಳಿಸಹೊರಟು ಎ ಬದಲಿಗೆ ಇ ಬರೆದರೆ, ದ್ರಾವಣವೇ ರೋಗವನ್ನು ಹುಟ್ಟಿಸಿತೆಂದು ಹೇಳಿದಂತಾಗುತ್ತದೆ! ಒಂದೇ ಅಕ್ಷರ, ಔಷಧವೇ ಅಪರಾಧಿಯಾಯಿತು.

ಬೇಸಗೆಯಲ್ಲಿ ಮಲೆನಾಡಿನವರೆಲ್ಲ ಹೂಮಳೆಯ ದಾರಿ ಕಾಯುತ್ತಾರಷ್ಟೆ. ಮಳೆ ಇಂಥ ವಾರ ಬಂದೀತೆಂಬ ಭವಿಷ್ಯವಾಣಿ 'ಪ್ರಾಫೆಸಿ'. ಹಾಗೆ ಭವಿಷ್ಯ ನುಡಿಯುವುದು 'ಪ್ರಾಫೆಸೈ'. ಎರಡರಲ್ಲಿಯೂ ಸಕಾರವೇ ಇರುವುದರಿಂದ ಗಂಟಲಿನ ಪ್ರಯೋಗ ಇಲ್ಲಿ ನಡೆಯದು. ಯಾವುದಕ್ಕೆ ಸಿ, ಯಾವುದಕ್ಕೆ ಎಸ್ ಎಂಬುದನ್ನು ವಾಚಕರು ನಿಘಂಟನ್ನು ತೆರೆಯದೆಯೇ ನಿರ್ಧರಿಸಲಿ.