ತೇವಮಾಪಕದ ಪುಟ್ಟ ಫಲಕ: 9 ಇದ್ದದ್ದು 90 ಆಗದಿರಲಿ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಸೇರಿವೆ. ಇಲ್ಲಿಯ ಕೆಂಪು ಮಣ್ಣಿನಲ್ಲಿ ಬೆಳೆಯುವ ಶೇಂಗಾಕ್ಕೆ ಹೂ ಬಿಡುವಾಗ, ಊಡು ನೆಲಕ್ಕಿಳಿಯುವಾಗ ಹಾಗೂ ಕಾಯಿ ಬಲಿಯುವಾಗ ತೇವ ಸಾಲದಿದ್ದರೆ ಇಳುವರಿ ಕುಗ್ಗುತ್ತದೆ. ಕೊಳವೆ ಬಾವಿಯ ಅಲ್ಪ ನೀರನ್ನು ಸಕಾಲದಲ್ಲಿ ಕೊಡಲು ಮಣ್ಣಿನ ತೇವಮಾಪಕ ನೆರವಾಗುತ್ತದೆ. ವಿದ್ಯುನ್ಮಾನ ಕೆಲಸ ಬಲ್ಲ ಯುವಕರು ಇದನ್ನು ಊರಿನಲ್ಲಿಯೇ ಜೋಡಿಸಬಹುದು. ಆದರೆ ಅಂಕಿ ತೋರಿಸುವ ಫಲಕಕ್ಕೆ ಕೊಡುವ ಆಜ್ಞೆಗಳಲ್ಲಿ ಲೋಪವಿದ್ದರೆ ನಷ್ಟ ಬೆಳೆಗೆ.

ಫಲಕದ ಕೆಲಸ: ಸಾಮಾನ್ಯ ಎಲ್‌ಸಿಡಿ ಫಲಕದಲ್ಲಿ 2 ಸಾಲುಗಳು, ಸಾಲಿಗೆ 16 ಮನೆಗಳು ಇರುತ್ತವೆ. ಮನೆಗೊಂದು ಅಕ್ಷರ. ಮೈಕ್ರೋಕಂಟ್ರೋಲರ್ ಎಂಬ ಚಿಕ್ಕ ಗಣಕವು ಇದನ್ನು ನಡೆಸುತ್ತದೆ. ಆರ್‌ಎಸ್ ತಂತಿಯಲ್ಲಿ 0 ಇದ್ದರೆ ಬಂದ ಸಂಖ್ಯೆ ಆಜ್ಞೆ. 1 ಇದ್ದರೆ ಬರೆಯಬೇಕಾದ ಅಕ್ಷರ. ಆಜ್ಞೆ 1 ಫಲಕವನ್ನು ಅಳಿಸುತ್ತದೆ. ಆಜ್ಞೆ 128 ಮೊದಲ ಸಾಲಿನ ಆರಂಭಕ್ಕೂ 192 ಎರಡನೆಯ ಸಾಲಿನ ಆರಂಭಕ್ಕೂ ಒಯ್ಯುತ್ತವೆ.

ಲೋಪ ಎಲ್ಲಿ?: ಫಲಕವು ಶಾಲೆಯ ಕರಿಹಲಗೆಯಂತೆ, ಬರೆದದ್ದನ್ನು ತಾನಾಗಿ ಅಳಿಸದು. ತೇವ ಶೇಕಡ 10 ಇದ್ದದ್ದು 9ಕ್ಕೆ ಇಳಿಯಿತೆನ್ನಿ. 1ರ ಮೇಲೆ 9 ಬೀಳುತ್ತದೆ, ಪಕ್ಕದ ಹಳೆಯ 0 ಹಾಗೆಯೇ ಉಳಿಯುತ್ತದೆ. ಫಲಕ 90 ಎನ್ನುತ್ತದೆ! ಅದನ್ನು ನಂಬಿ ನೀರು ತಡೆದರೆ ಊಡು ಒಣ ಮಣ್ಣಿಗೆ ಇಳಿಯಲಾರದು.

ಅನುಸರಿಸಬೇಕಾದ ಕ್ರಮಗಳು:

1. ಅಂಕಿಗೆ 3 ಮನೆಗಳನ್ನು ಮೀಸಲಿಡಬೇಕು. ಪ್ರತಿ ಸಲವೂ ಅಲ್ಲಿ 3 ಖಾಲಿ ಅಕ್ಷರ ಬರೆದು, ಅದೇ ಮನೆಗೆ ಹಿಂದಿರುಗಿ ಹೊಸ ಅಂಕಿ ಬರೆಯಬೇಕು.

2. ಪ್ರತಿ ಸಲ ಇಡೀ ಫಲಕ ಅಳಿಸಿದರೆ ಅದು ಮಿನುಗುತ್ತದೆ. ಅಳಿಸಲೇಬೇಕಾದಲ್ಲಿ ಮುಂದಿನ ಆಜ್ಞೆಗೆ ಮೊದಲು 2 ಮಿಲಿಸೆಕೆಂಡು ಬಿಡಬೇಕು.

3. ಹೊಲಕ್ಕೆ ಒಯ್ಯುವ ಮೊದಲು 100, 10, 9 ಅಂಕಿಗಳನ್ನು ಇದೇ ಕ್ರಮದಲ್ಲಿ ಕೊಟ್ಟು ಪರೀಕ್ಷಿಸಬೇಕು. ಕೊನೆಗೆ 9 ಮಾತ್ರ ಕಾಣಬೇಕು.

4. ಫಲಕ ಸರಿಯಿದ್ದರೂ ಮಾಪಕವನ್ನು ಆಯಾ ಹೊಲದ ಮಣ್ಣಿಗೆ ಹೊಂದಿಸಬೇಕು. ಬೇರಿನ ಆಳದ 110 ಗ್ರಾಂ ಹಸಿ ಮಣ್ಣನ್ನು ಓವನ್‌ನಲ್ಲಿ 105 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 24 ಗಂಟೆ ಒಣಗಿಸಿದಾಗ 100 ಗ್ರಾಂ ಉಳಿದರೆ ತೇವ ಶೇಕಡ 10. ಹೀಗೆ ಹಸಿ, ಅರೆಹಸಿ, ಒಣ ಮಣ್ಣುಗಳಲ್ಲಿ ತಾಳೆ ನೋಡಬೇಕು.

ಸಲಹೆಗೆ ಹಿರಿಯೂರು ಬಳಿಯ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಮಾಪಕ ಬಂದಿತೆಂದು ಹಿಡಿ ಮಣ್ಣು ಹಿಸುಕಿ ನೋಡುವ ವಾಡಿಕೆಯನ್ನು ರೈತರು ಬಿಡಬಾರದು. ಅಂಕಿ ಮತ್ತು ಅಂಗೈ ಒಂದೇ ಮಾತು ಹೇಳದಿದ್ದರೆ ಮೊದಲು ಪರೀಕ್ಷಿಸಬೇಕಾದದ್ದು ಅಂಕಿಯನ್ನು.