ವೃಕ್ಷಸನ್ನಿಧಿಯಲ್ಲಿ ಮನಃಶಾಂತಿ

ವಿಜಯದಶಮಿಯ ಸಂಜೆ ಊರಿನ ಜನರೆಲ್ಲ ಊರ ಗಡಿಯನ್ನು ದಾಟಿ ಬನ್ನಿಯ ಮರದ ಬಳಿಗೆ ಹೋಗುವುದು ಕನ್ನಡ ನಾಡಿನ ಹಳೆಯ ರೂಢಿ. ಇದಕ್ಕೆ ಸೀಮೋಲ್ಲಂಘನವೆಂದು ಹೆಸರು. ಮೈಸೂರಿನ ಜಂಬೂ ಸವಾರಿಯೂ ಅರಮನೆಯಿಂದ ಹೊರಟು ಬನ್ನಿಮಂಟಪದ ದಾರಿಯನ್ನೇ ಹಿಡಿಯುತ್ತದೆ. ದೇವರ ಪಲ್ಲಕ್ಕಿಯಿರಲಿ, ಅರಸನ ಆನೆಯಿರಲಿ, ಅಂದು ಮರವಿರುವಲ್ಲಿಗೆ ತಾನೇ ಹೋಗಬೇಕಲ್ಲದೆ ಮರವು ಯಾರ ಬಾಗಿಲಿಗೂ ಬರುವುದಿಲ್ಲ.

ಮಹಾನಗರದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮಹಾರಾಷ್ಟ್ರದ ಸಂಪ್ರದಾಯದಂತೆ ಬಂಗಾರವೆಂದು ಹಂಚುವುದು ಆಪ್ಟಾ ಮರದ ಎಲೆಗಳನ್ನು. ದಸರೆ ಬಂತೆಂದರೆ ಮುಂಬಯಿ, ಪುಣೆಗಳ ಪೇಟೆಗಳಿಗೆ ಅವು ಕಟ್ಟುಕಟ್ಟಾಗಿ ಬಂದು ಬೀಳುತ್ತವೆ. ಎಲೆ ಮನೆಗೆ ಬರುತ್ತದೆ. ಮನೆಯವರು ಮರದ ಬಳಿಗೆ ಹೋಗುವುದಿಲ್ಲ. ಮರುದಿನ ಆ ಬಂಗಾರ ಕಸದ ಡಬ್ಬಿ ಸೇರುತ್ತದೆ. ಹೀಗೆ ನಷ್ಟವಾದುದು ಮರದ ಕೊಂಬೆಗಳು ಮಾತ್ರವಲ್ಲ. ವರ್ಷಕ್ಕೊಮ್ಮೆಯಾದರೂ ಮನುಷ್ಯನು ಮರದ ಎದುರು ಸುಮ್ಮನೆ ನಿಲ್ಲುತ್ತಿದ್ದ ಗಳಿಗೆಯೂ ನಷ್ಟವಾಯಿತು.

ಆಯುಧಗಳನ್ನು ಇಳಿಸಿದ ಮರ

ಬನ್ನಿಯ ಮಹಿಮೆಗೆ ಮಹಾಭಾರತದ ವಿರಾಟಪರ್ವವೇ ಆಧಾರ. ಅಜ್ಞಾತವಾಸಕ್ಕಾಗಿ ವಿರಾಟನಗರಿಯನ್ನು ಪ್ರವೇಶಿಸುವ ಮುನ್ನ ಪಾಂಡವರು ತಮ್ಮ ಆಯುಧಗಳನ್ನೆಲ್ಲ ಸ್ಮಶಾನದ ಬಳಿಯಿದ್ದ ಶಮೀವೃಕ್ಷದ ಮೇಲೆ ಇರಿಸಿದರು. ಅರ್ಜುನನು ಮತ್ತೆ ಗಾಂಡೀವವನ್ನು ಕೈಗೆತ್ತಿಕೊಂಡುದು ಗೋಗ್ರಹಣದ ಸಮಯದಲ್ಲಿ. ಆಯುಧವನ್ನು ಎತ್ತಿಕೊಂಡ ದಿನವನ್ನು ಲೋಕವು ವಿಜಯವೆಂದು ಕೊಂಡಾಡುತ್ತದೆ. ಆದರೆ ಅದಕ್ಕೆ ಮೊದಲು ಅದನ್ನು ಇಳಿಸಿಟ್ಟ ದಿನವೊಂದಿತ್ತು ಎಂಬುದನ್ನು ಮರೆಯಬಾರದು. ಇಳಿಸಲು ಬಲ್ಲವನೇ ಎತ್ತಲೂ ಬಲ್ಲವನು.

ಇಂದಿನ ನಗರವಾಸಿಯ ಕೈಯಲ್ಲಿ ಬಿಲ್ಲುಬಾಣಗಳಿಲ್ಲ. ಆದರೂ ಬೆಳಗಿನ ಲೋಕಲ್ ರೈಲಿನ ನೂಕುನುಗ್ಗಲಿನಿಂದ ರಾತ್ರಿ ದೀಪ ಆರಿಸುವವರೆಗೆ ಅವನದೂ ಒಂದು ಯುದ್ಧವೇ. ಅವಸರ, ಸ್ಪರ್ಧೆ, ಎಡೆಬಿಡದೆ ಕರೆಯುವ ಮೊಬೈಲು, ಮನಸ್ಸಿನಲ್ಲೇ ನಡೆಯುವ ವಾದವಿವಾದ ಇವೇ ಅವನ ಆಯುಧಗಳು. ಇವುಗಳನ್ನು ಅರ್ಧ ಗಂಟೆಯಾದರೂ ಇಳಿಸಿಡಲು ಒಂದು ಮರ ಬೇಕು.

ಚಲದಲ

ಗೀತೆಯ ವಿಭೂತಿಯೋಗದಲ್ಲಿ ಭಗವಂತನು ವೃಕ್ಷಗಳಲ್ಲಿ ತಾನು ಅಶ್ವತ್ಥವೆಂದು ಹೇಳಿಕೊಂಡಿದ್ದಾನೆ. ಅಮರಕೋಶವು ಈ ಮರಕ್ಕೆ ಕೊಡುವ ಹೆಸರುಗಳಲ್ಲಿ ಬೋಧಿದ್ರುಮವೂ ಒಂದು, ಚಲದಲವೂ ಒಂದು. ಚಲದಲವೆಂದರೆ ಅಲುಗುವ ಎಲೆಯುಳ್ಳದ್ದು. ಎಲೆಯ ತೊಟ್ಟು ನೀಳವಾಗಿ ತೆಳುವಾಗಿರುವುದರಿಂದ ಬೇರೆ ಮರಗಳು ನಿಶ್ಚಲವಾಗಿರುವಷ್ಟು ಮಂದವಾದ ಗಾಳಿಗೂ ಅಶ್ವತ್ಥದ ಎಲೆ ನಡುಗುತ್ತದೆ. ಕಾಂಡವಾದರೋ ಕದಲುವುದಿಲ್ಲ. ಚಂಚಲವಾದ ಮನಸ್ಸು, ಅಚಲವಾದ ಸಾಕ್ಷಿ ಇವೆರಡನ್ನೂ ಒಂದೇ ನೋಟಕ್ಕೆ ತೋರಿಸುವ ಇದಕ್ಕಿಂತ ಸರಳವಾದ ಪಾಠ ಮತ್ತೊಂದಿಲ್ಲ. ಬುದ್ಧನಿಗೆ ಬೋಧೆಯಾದುದು ಈ ಮರದ ಕೆಳಗೆ. ದಕ್ಷಿಣಾಮೂರ್ತಿಯು ಮೌನದಿಂದಲೇ ಉಪದೇಶಿಸಿದುದು ಆಲದ ಕೆಳಗೆ. ವೇದವಾಙ್ಮಯದ ಒಂದು ಭಾಗಕ್ಕೆ ಆರಣ್ಯಕವೆಂದೇ ಹೆಸರು. ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ನಡೆದುದು ಶ್ರೀಶೈಲದ ಕದಳಿಯ ವನಕ್ಕೆ.

ಇಂದಿನ ವಿಜ್ಞಾನದ ಮಾತು

ಜಪಾನಿನ ಅರಣ್ಯ ಇಲಾಖೆಯು 1982ರಲ್ಲಿ ಶಿನ್‌ರಿನ್ ಯೊಕು ಎಂಬ ಹೆಸರಿನಿಂದ ಒಂದು ಅಭ್ಯಾಸವನ್ನು ಜನರ ಮುಂದಿಟ್ಟಿತು. ಇದರ ಅರ್ಥ ವನಸ್ನಾನ. ನೀರಿನ ಸ್ನಾನವಲ್ಲ, ಮರಗಳ ನಡುವೆ ನಿಧಾನವಾಗಿ ನಡೆದು, ನೋಡಿ, ಕೇಳಿ, ಉಸಿರಾಡಿ ಮನಸ್ಸನ್ನು ತೊಳೆದುಕೊಳ್ಳುವ ಸ್ನಾನ. 1984ರಲ್ಲಿ ಅಮೆರಿಕದ ರೋಜರ್ ಉಲ್ರಿಚ್ ಎಂಬ ವಿದ್ವಾಂಸರು ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿದ್ದ 46 ರೋಗಿಗಳ ದಾಖಲೆಗಳನ್ನು ಹೋಲಿಸಿ ನೋಡಿದರು. ಅರ್ಧದಷ್ಟು ಮಂದಿಯ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದವರಿಗೆ ಇಟ್ಟಿಗೆಯ ಗೋಡೆ. ಮರಗಳನ್ನು ಕಾಣುತ್ತಿದ್ದವರು ಬೇಗ ಮನೆಗೆ ಮರಳಿದ್ದರು. ನೋವಿಗೆ ತೀಕ್ಷ್ಣವಾದ ಔಷಧವೂ ಅವರಿಗೆ ಕಡಿಮೆ ಬೇಕಾಗಿತ್ತು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದು, ವಾರಕ್ಕೆ 120 ನಿಮಿಷಗಳಾದರೂ ಪ್ರಕೃತಿಯ ನಡುವೆ ಕಳೆಯುವವರಲ್ಲಿ ಆರೋಗ್ಯ, ನೆಮ್ಮದಿ ಹೆಚ್ಚೆಂದು ತಿಳಿಸಿತು. ಆ ಸಮಯವನ್ನು ಒಂದೇ ದಿನ ಕಳೆದರೂ ಸರಿ, ಹಲವು ದಿನಗಳಿಗೆ ಹಂಚಿದರೂ ಸರಿ. ಆರೋಗ್ಯವಂತರೇ ಹೆಚ್ಚಾಗಿ ಹೊರಗೆ ಹೋಗುತ್ತಿರಬಹುದಾದ ಕಾರಣ ಇದನ್ನು ಪೂರ್ಣ ಪ್ರಮಾಣವೆಂದು ಹೇಳಲಾಗದು. ಮರವು ಮದ್ದಿಗೆ ಬದಲಿಯೂ ಅಲ್ಲ. ಮನಸ್ಸಿನ ಬೇನೆ ಆಳವಾಗಿದ್ದರೆ ವೈದ್ಯರನ್ನು ಕಾಣಲೇಬೇಕು. ಆದರೆ ಅಶ್ವತ್ಥಕಟ್ಟೆಗೆ ಪ್ರದಕ್ಷಿಣೆ ಬಂದವರ ಅನುಭವಕ್ಕೆ ಈ ಅಧ್ಯಯನಗಳು ವಿರುದ್ಧವಾಗಿಲ್ಲ ಎಂಬುದಂತೂ ನಿಜ.

ಆಚರಣೆಯ ಕ್ರಮ

ಮೊದಲನೆಯದಾಗಿ, ಮನೆಗೆ ಹತ್ತಿರವಾದ ಒಂದು ಮರವನ್ನು ಆರಿಸಿಕೊಳ್ಳಬೇಕು. ದೇವರು ಬದಲಾಗದಂತೆ ಮರವೂ ಬದಲಾಗದಿದ್ದರೆ ಒಳ್ಳೆಯದು. ಚಿಗುರು, ಹೂವು, ಎಲೆಯುದುರುವಿಕೆ ಎಲ್ಲವೂ ಆಗ ಪರಿಚಿತವಾಗುತ್ತವೆ. ಎರಡನೆಯದಾಗಿ, ಮೊಬೈಲನ್ನು ಆರಿಸಿ, ಮಾತನ್ನು ನಿಲ್ಲಿಸಬೇಕು. ಇದೇ ಆಯುಧ ಇಳಿಸುವುದು. ಮೂರನೆಯದಾಗಿ, ನಿಧಾನವಾಗಿ ಪ್ರದಕ್ಷಿಣೆ ಬರಬೇಕು; ಕಾಲಿಗೆ ಶಕ್ತಿಯಿಲ್ಲದವರು ಕುಳಿತೇ ಇರಬಹುದು. ಬೇರಿನಿಂದ ತುದಿಯವರೆಗೆ ಒಮ್ಮೆ ನೋಡಿ, ಬಳಿಕ ಕಣ್ಣು ಮುಚ್ಚಿ ಎಲೆಗಳ ಸದ್ದನ್ನು ಕೇಳಿ, ತೊಗಟೆಯನ್ನು ಅಂಗೈಯಿಂದ ಮುಟ್ಟಬೇಕು. ನಾಲ್ಕನೆಯದಾಗಿ, ಮನಸ್ಸು ಆಫೀಸಿಗೋ ಅಡುಗೆಮನೆಗೋ ಓಡಿದರೆ ಬೈಯದೆ ಮರಳಿ ಕರೆತಂದು, ಉಸಿರಿನ ಗತಿಗೆ ಇಷ್ಟದೈವದ ನಾಮವನ್ನು ಸೇರಿಸಬೇಕು. ಕೊನೆಯದಾಗಿ, ಒಂದು ಎಲೆಯನ್ನೂ ಕೀಳದೆ, ಸಾಧ್ಯವಾದರೆ ಒಂದು ಚೊಂಬು ನೀರೆರೆದು, ಕೈಮುಗಿದು ಹಿಂದಿರುಗಬೇಕು.

ನಗರದಲ್ಲಿ ಮರವೆಲ್ಲಿ ಎಂದು ಕೇಳುವವರುಂಟು. ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಕಾಡೇ ಇದೆ. ಅದರ ನಡುವಣ ಕಾನ್ಹೇರಿಯ ಗುಹೆಗಳಲ್ಲಿ ಶತಮಾನಗಳ ಕಾಲ ಬೌದ್ಧ ಭಿಕ್ಷುಗಳು ಧ್ಯಾನಿಸಿದರು; ಅಲ್ಲಿನ 9ನೆಯ ಶತಮಾನದ ಶಾಸನಗಳು ಕನ್ನಡ ನಾಡಿನ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರನ್ನು ಹೊತ್ತಿವೆ. ಚಿರತೆಗಳಿರುವ ಕಾಡಾದುದರಿಂದ ಹಗಲಿನಲ್ಲಿ, ಗೊತ್ತಾದ ದಾರಿಯಲ್ಲಿಯೇ ನಡೆಯಬೇಕು. ಚೆನ್ನೈಗೆ ಗಿಂಡಿಯ ವನವಿದೆ, ದೆಹಲಿಗೆ ಲೋಧಿ ಉದ್ಯಾನವಿದೆ. ಇವೊಂದೂ ಕೈಗೆಟುಕದಿದ್ದರೆ ಕಾಲೊನಿಯ ಮೂಲೆಯ ಬೇವಿನ ಮರವಾದರೂ ಇದ್ದೇ ಇದೆ.

ಊರಿನಿಂದ ಮಕ್ಕಳ ಮನೆಗೆ ಬಂದಿರುವ ಹಿರಿಯರನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಊರಿನಲ್ಲಿ ಅವರಿಗೆ ಅಶ್ವತ್ಥಕಟ್ಟೆಯಿತ್ತು, ಕಟ್ಟೆಯ ಮೇಲೆ ಮಾತಿಗೆ ಜನರಿದ್ದರು. ಹತ್ತನೆಯ ಅಂತಸ್ತಿನಲ್ಲಿ ಅವರಿಗೆ ಊಟ, ಔಷಧ, ಟೆಲಿವಿಷನ್ ಎಲ್ಲವೂ ಇವೆ, ಮರವೊಂದಿಲ್ಲ. ಭಾನುವಾರ ಅವರ ಕೈಹಿಡಿದು ಮರದ ಬಳಿಗೆ ಕರೆದೊಯ್ಯುವುದು ತೀರ್ಥಯಾತ್ರೆಗೆ ಕಡಿಮೆಯಾದ ಪುಣ್ಯವಲ್ಲ.

ಚೆನ್ನೈನ ಅಡ್ಯಾರಿನಲ್ಲಿರುವ ಪ್ರಸಿದ್ಧವಾದ ಹಿರಿಯಾಲದ ಮೂಲ ಕಾಂಡವು 1989ರ ಬಿರುಗಾಳಿಗೆ ಉರುಳಿತು. ಆದರೂ ಮರ ಸಾಯಲಿಲ್ಲ. ದೂರದಲ್ಲಿ ನೆಲಕ್ಕಿಳಿದು ಬೇರೂರಿದ್ದ ಬಿಳಲುಗಳೇ ಕಾಂಡಗಳಾಗಿ ಅದನ್ನು ಉಳಿಸಿಕೊಂಡವು. ತವರ ನೆಲದಿಂದ ದೂರ ಬಂದು ನೆಲೆಸಿದವರಿಗೆ ಇದಕ್ಕಿಂತ ಧೈರ್ಯದ ಮಾತು ಬೇಕಿಲ್ಲ. ಈ ವಿಜಯದಶಮಿಯಂದು ಬನ್ನಿಯನ್ನು ಕೊಂಡು ತರುವ ಮೊದಲು ಪ್ರತಿಯೊಂದು ಕುಟುಂಬವೂ ಒಂದು ಮರದ ಬಳಿಗೆ ಹೋಗಿ, ಕ್ಷಣಕಾಲ ಮೌನವಾಗಿ ನಿಂತು ಬರಲಿ. ಸೀಮೋಲ್ಲಂಘನವು ಆಗ ಸಾರ್ಥಕವಾದೀತು.