ಮತ್ತೆ ಮತ್ತೆ ಕೀವು, ನಿಲ್ಲದ ರಕ್ತಬೇದಿ: ಇದು ತಾಯಿಯ ತಪ್ಪಲ್ಲ



ಮಕ್ಕಳಿಗೆ ಬೇದಿ, ಜ್ವರ, ಕುರು ಬರುವುದು ಸಾಮಾನ್ಯ. ಔಷಧಿ ಕೊಟ್ಟರೆ ವಾಸಿಯೂ ಆಗುತ್ತದೆ. ಆದರೆ ಅಪರೂಪಕ್ಕೆ ಒಂದು ಮಗುವಿಗೆ ಒಂದು ವಾಸಿಯಾಗುವಷ್ಟರಲ್ಲಿ ಇನ್ನೊಂದು ಬರುತ್ತಲೇ ಇರುತ್ತದೆ. ಆಗ ಮನೆಯಲ್ಲಿ "ದೃಷ್ಟಿ ಆಗಿದೆ, ಬಾಲಗ್ರಹ" ಅಂತಾರೆ. "ಸೊಸೆ ಕಾಲ್ಗುಣ" ಅನ್ನೋರೂ ಇದ್ದಾರೆ. ನಿಜವಾದ ಕಾರಣ ರಕ್ತದಲ್ಲಿ ಇರಬಹುದು.

ಇಂಥ ಒಂದು ಕಾಯಿಲೆ ಕ್ರಾನಿಕ್ ಗ್ರ್ಯಾನುಲೊಮ್ಯಾಟಸ್ ಡಿಸೀಸ್, ಚಿಕ್ಕದಾಗಿ ಸಿ.ಜಿ.ಡಿ. ಇದು ಸುಮಾರು 2 ಲಕ್ಷ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. 1950ರ ದಶಕದಲ್ಲಿ ಇದನ್ನು ಮೊದಲು ಗುರುತಿಸಿದಾಗ ಮಕ್ಕಳು ಉಳಿಯುವುದೇ ಕಷ್ಟವಿತ್ತು. ಈಗ ಚಿಕಿತ್ಸೆ ಇದೆ.

ಮೈಯೊಳಗೆ ಏನಾಗುತ್ತದೆ?

ರಕ್ತದ ಬಿಳಿ ಕಣಗಳು ನಮ್ಮ ಕಾವಲುಗಾರರು. ಅವು ರೋಗಾಣುವನ್ನು ನುಂಗಿ, ತಮ್ಮೊಳಗೆ ಒಂದು ರಾಸಾಯನಿಕ ತಯಾರಿಸಿ ಕೊಲ್ಲುತ್ತವೆ. ಈ ಮಕ್ಕಳ ಕಣಗಳು ನುಂಗುತ್ತವೆ, ಆದರೆ ಕೊಲ್ಲಲಾರವು. ಆದ್ದರಿಂದ ಕುತ್ತಿಗೆಯ ಗಂಟು, ಚರ್ಮ, ಶ್ವಾಸಕೋಶ, ಲಿವರ್‌ನಲ್ಲಿ ಕೀವು ಕಟ್ಟುತ್ತದೆ.

ಉರಿಯೂತವನ್ನು ತಣಿಸುವುದಕ್ಕೂ ಅದೇ ರಾಸಾಯನಿಕ ಬೇಕು. ಅದಿಲ್ಲದೆ, ರೋಗಾಣು ಇಲ್ಲದಿದ್ದರೂ ಕರುಳು ಊದಿಕೊಂಡು ಹುಣ್ಣಾಗುತ್ತದೆ. ಹೊಟ್ಟೆನೋವು, ರಕ್ತಬೇದಿ ಬರುತ್ತದೆ. ಗುದದ್ವಾರದ ಹತ್ತಿರ ಕುರು ಏಳುತ್ತದೆ. ಮಗುವಿನ ತೂಕ ಏರುವುದಿಲ್ಲ. ಆಮಶಂಕೆ ಮಾತ್ರೆಯಿಂದ ಇದು ಹೋಗುವುದಿಲ್ಲ.

ಯಾರಿಗೆ ಬರುತ್ತದೆ?

ಹೆಚ್ಚಾಗಿ ಗಂಡುಮಕ್ಕಳಿಗೆ. ದೋಷ ತಾಯಿಯ ಮೂಲಕ ಬಂದಿರಬಹುದು. ಅಂಥ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಇನ್ನೊಂದು ಬಗೆಯಲ್ಲಿ ದೋಷ ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ. ಆಗ ಹೆಣ್ಣುಮಗುವಿಗೂ ಕಾಯಿಲೆ ಬರಬಹುದು. ಸೋದರಮಾವನನ್ನು, ಅತ್ತೆ ಮಗನನ್ನು ಮದುವೆಯಾದ ಮನೆಗಳಲ್ಲಿ ಈ ಬಗೆ ಹೆಚ್ಚು. ದೋಷವನ್ನು ಯಾರೂ ಬೇಕೆಂದು ಕೊಡುವುದಿಲ್ಲ. ಹಾಗಿದ್ದ ಮೇಲೆ ತಾಯಿಯನ್ನು ದೂರುವುದು ಯಾವ ನ್ಯಾಯ?

ನಾವು ಏನು ಮಾಡಬೇಕು?

1. ಮೇಲಿನ ಲಕ್ಷಣಗಳು ಮರುಕಳಿಸಿದರೆ ಮಗುವನ್ನು ಮೈಸೂರಿನ ಚೆಲುವಾಂಬ ಆಸ್ಪತ್ರೆಯಂಥ ಕಡೆ ಮಕ್ಕಳ ತಜ್ಞರಿಗೆ ತೋರಿಸಿ. ಹಳೆಯ ಚೀಟಿಗಳನ್ನೆಲ್ಲ ಒಯ್ಯಿರಿ. ಡಿ.ಎಚ್.ಆರ್. ಎಂಬ ರಕ್ತಪರೀಕ್ಷೆಯಿಂದ ಕಾಯಿಲೆ ತಿಳಿಯುತ್ತದೆ.
2. ತವರಿನಲ್ಲಿ ಅಣ್ಣತಮ್ಮಂದಿರು, ಸೋದರಮಾವಂದಿರು ಎಳೆವಯಸ್ಸಿನಲ್ಲಿ ತೀರಿಕೊಂಡಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ.
3. ಬಿ.ಸಿ.ಜಿ. ಲಸಿಕೆ ಎಲ್ಲ ಮಕ್ಕಳಿಗೂ ಬೇಕು. ಆದರೆ ಮನೆಯಲ್ಲಿ ಸಿ.ಜಿ.ಡಿ. ಇರುವ ಮಗು ಇದ್ದರೆ, ಮುಂದಿನ ಕೂಸಿಗೆ ಬಿ.ಸಿ.ಜಿ. ಹಾಕುವ ಮುಂಚೆಯೇ ವೈದ್ಯರಿಗೆ ತಿಳಿಸಿ.
4. ಕಾಯಿಲೆ ಖಚಿತವಾದ ಮಗುವನ್ನು ತಿಪ್ಪೆಗುಂಡಿ, ಗೊಬ್ಬರ, ಹುಲ್ಲಿನ ಮೆದೆ, ಕೊಳೆತ ಎಲೆಯ ಹತ್ತಿರ ಬಿಡಬೇಡಿ. ಅಲ್ಲಿಯ ಬೂಸ್ಟಿನ ಧೂಳು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ.
5. ಸೋಂಕು ತಡೆಯುವ ಮಾತ್ರೆಗಳನ್ನು ದಿನವೂ ಕೊಡಬೇಕು. ಮಗು ಚೆನ್ನಾಗಿದೆ ಅಂತ ನಿಲ್ಲಿಸಬಾರದು.

ಹೊಂದುವ ದಾನಿ ಸಿಕ್ಕರೆ ಅಸ್ಥಿಮಜ್ಜೆ ಕಸಿಯಿಂದ ಕಾಯಿಲೆ ಗುಣವಾಗಬಹುದು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿ ಸಿ.ಜಿ.ಡಿ. ಇದೆ, ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಅಂಥ ಒಂದು ಕೇಂದ್ರ ಬೆಂಗಳೂರಿನಲ್ಲಿದೆ. ಹೊಲ, ಒಡವೆ ಅಡ ಇಡುವ ಮುಂಚೆ ಇದನ್ನು ವಿಚಾರಿಸಿ.

ಸಂಘದ ಸಭೆಯಲ್ಲಿ ಚರ್ಚಿಸಿ

* ನಮ್ಮೂರಲ್ಲಿ ಪದೇ ಪದೇ ಕಾಯಿಲೆ ಬೀಳುವ, ತೂಕ ಏರದ ಮಗು ಇದೆಯೇ? ಅಂಗನವಾಡಿಗೆ ವೈದ್ಯರ ತಂಡ ಬಂದಾಗ ತೋರಿಸಿದ್ದೇವೆಯೇ?
* ಆ ತಾಯಿಯ ಜೊತೆ ಮೈಸೂರಿಗೆ ಯಾರು ಹೋಗುತ್ತೀರಿ? ಬಸ್ ಖರ್ಚಿಗೆ ಸಂಘದಿಂದ ಎಷ್ಟು ಕೊಡಬಹುದು?